ಎಪಿಐಗೆ ಬರೋ ಡೇಟಾನ ಬಾಗಿಲಲ್ಲೇ ನಿಲ್ಸಿ ನೋಡೋದು ಹೆಂಗೆ: ಇನ್‌ಪುಟ್ ವ್ಯಾಲಿಡೇಷನ್, ಹಂತ ಹಂತವಾಗಿ

"ಫಾರ್ಮಲ್ಲೇ ಚೆಕ್ ಹಾಕಿದೀವಲ್ಲ, ಮತ್ತೆ ಸರ್ವರಲ್ಲೂ ಅದನ್ನೇ ಯಾಕೆ ಬರೀಬೇಕು?" ಅಂತ ಹೊಸಬ್ರು ಕೇಳ್ತಾರೆ, ಒಂದೊಂದ್ಸಲ ಹತ್ತು ವರ್ಷ ಅನುಭವ ಇರೋರೂ ಕೇಳ್ತಾರೆ. ಫಾರ್ಮಲ್ಲಿರೋ ಚೆಕ್ ಇರೋದು ಗ್ರಾಹಕರ ಅನುಕೂಲಕ್ಕೆ, ನಂಬರ್ ತಪ್ಪಾಗಿದ್ರೆ ತಕ್ಷಣ ಕೆಂಪಗೆ ತೋರ್ಸೋಕೆ, ಅಷ್ಟೇ. ಬ್ರೌಸರಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆಗೆದ್ರೆ ನಿಮ್ಮ ಎಪಿಐ (ಆಪು, ವೆಬ್‌ಸೈಟು ಸರ್ವರ್ ಜೊತೆ ಮಾತಾಡೋ ಬಾಗಿಲು) ಅಡ್ರೆಸ್ಸು, ಅದಕ್ಕೆ ಹೋಗ್ತಿರೋ ಜೇಸನ್ನು (ಹೆಸರು-ವ್ಯಾಲ್ಯೂ ಜೋಡಿಯಾಗಿ ಬರೆದ ಡೇಟಾ) ಎಲ್ಲಾ ಕಣ್ಮುಂದೇನೇ ಇರತ್ತೆ, ಅದನ್ನ ಕರ್ಲ್ (ಬ್ರೌಸರಿಲ್ದೇ ರಿಕ್ವೆಸ್ಟ್ ಕಳ್ಸೋ ಟೂಲು) ಕಮಾಂಡಾಗಿ ಕಾಪಿ ಮಾಡ್ಕೊಂಡು ಬೇಕಾದ್ ಹಾಗೆ ತಿದ್ದಿ ಕಳ್ಸೋಕೆ ಯಾರೂ ಹ್ಯಾಕರ್ ಆಗಿರ್ಬೇಕಾಗಿಲ್ಲ. ಅಲ್ಲಿಗೆ ನಿಮ್ಮ ಫಾರ್ಮು, ಅದರ ಡ್ರಾಪ್‌ಡೌನು, ಅದರ "ಕನಿಷ್ಠ 1" ಎಲ್ಲಾ ಲೆಕ್ಕಕ್ಕಿಲ್ಲ.

ಸುಮ್ನೆ ಥಿಯರಿ ಹೇಳೋಕಿಂತ ಒಂದು ಎಪಿಐ ಇಟ್ಕೊಂಡು ನೋಡೋಣ. ಚಿಕ್ಕಮಗಳೂರು ಕಡೆ ಒಬ್ರು ಆನ್‌ಲೈನಲ್ಲಿ ಕಾಫಿ ಪುಡಿ ಮಾರ್ತಾರೆ ಅಂದ್ಕೊಳಿ. ಆರ್ಡರ್ ಎಪಿಐಗೆ ಬರೋದು ಇಷ್ಟು: ಯಾವ ಪುಡಿ, ಚಿಕೋರಿ ಎಷ್ಟು ಪರ್ಸೆಂಟು, ಎಷ್ಟು ಗ್ರಾಂ ಪ್ಯಾಕು, ಎಷ್ಟು ಪ್ಯಾಕು, ಹೆಸರು, ಫೋನು, ವಿಳಾಸ, ಪಿನ್‌ಕೋಡು, ಡೆಲಿವರಿ ದಿನ, ಹೋಟೆಲ್‌ನೋರಾದ್ರೆ ಜಿಎಸ್‌ಟಿ ನಂಬರು, ಗಿಫ್ಟ್ ಆದ್ರೆ ಒಂದು ಸಣ್ಣ ಮೆಸೇಜು. ಹತ್ತು ಹನ್ನೊಂದು ಫೀಲ್ಡು, ನೋಡೋಕೆ ಏನೂ ಇಲ್ಲ ಅನ್ಸತ್ತೆ. ಆದ್ರೆ "ಎಷ್ಟು ಪ್ಯಾಕು" ಅನ್ನೋ ಕಡೆ ಮೈನಸ್ 3 ಅಂತ ಕಳ್ಸಿದ್ರೆ ಏನಾಗತ್ತೆ ಯೋಚ್ನೆ ಮಾಡಿ. ಬೇರೆ ಐಟಮ್ಮಿನ ಜೊತೆ ಇದನ್ನೂ ಸೇರ್ಸಿದ್ರೆ ಟೋಟಲ್ ಕಮ್ಮಿ ಆಗತ್ತೆ, ಪೇಮೆಂಟ್ ಗೇಟ್‌ವೇ ಆ ಕಮ್ಮಿ ದುಡ್ಡನ್ನೇ ತಗೊಳತ್ತೆ, ಎಲ್ಲೂ ಯಾವ ಎರರ್ರೂ ಬರಲ್ಲ, ತಿಂಗಳ ಕೊನೆಗೆ ಲೆಕ್ಕ ತಾಳೆ ಆಗ್ದಿದ್ದಾಗ್ಲೇ ಗೊತ್ತಾಗೋದು.

1. ಮೊದಲು ಏನೇನು ಒಳಗೆ ಬರತ್ತೆ ಅಂತ ಪಟ್ಟಿ ಮಾಡಿ

ಇನ್‌ಪುಟ್ ಅಂದ್ರೆ ಜೇಸನ್ ಬಾಡಿ ಒಂದೇ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಯುಆರ್‌ಎಲ್ಲಲ್ಲಿರೋ ಐಡಿ, ಪ್ರಶ್ನಾರ್ಥಕ ಚಿಹ್ನೆ ಆದ್ಮೇಲೆ ಬರೋ ಕ್ವೆರಿ, ಕುಕಿ, ಅಪ್‌ಲೋಡ್ ಆದ ಫೈಲಿನ ಹೆಸರು, ಹೆಡರ್‌ಗಳು (ರಿಕ್ವೆಸ್ಟಿನ ತಲೆಬರಹದಲ್ಲಿ ಹೋಗೋ ವಿವರ) ಎಲ್ಲಾ ಇನ್‌ಪುಟ್ಟೇ. ಹೆಡರ್‌ನ ಯಾರ್ ನೋಡ್ತಾರೆ ಅಂತೀರಾ? 2017ರಲ್ಲಿ ಅಮೆರಿಕದ ಕ್ರೆಡಿಟ್ ಕಂಪನಿ ಈಕ್ವಿಫ್ಯಾಕ್ಸಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಗಿದ್ದು ಅಪಾಚೆ ಸ್ಟ್ರಟ್ಸ್ ಫ್ರೇಮ್‌ವರ್ಕಿನ ಒಂದು ತೂತಿಂದ, ಆ ತೂತು ಇದ್ದಿದ್ದು ಕಂಟೆಂಟ್-ಟೈಪ್ ಹೆಡರ್ ಓದೋ ಜಾಗದಲ್ಲಿ. ಹೆಡರಲ್ಲಿ ಕೆಟ್ಟ ವ್ಯಾಲ್ಯೂ ಬಂದ್ರೆ ಎರರ್ ಮೆಸೇಜ್ ಕಟ್ಟೋಕೆ ಹೋಗಿ, ಒಳಗಿದ್ದ ಎಕ್ಸ್‌ಪ್ರೆಶನ್ನನ್ನ ಕೋಡ್ ತರ ಓಡ್ಸಿಬಿಡ್ತಿತ್ತು. 2021ರ ಡಿಸೆಂಬರಲ್ಲಿ ಬಂದ ಲಾಗ್4ಶೆಲ್ಲಂತೂ (ಲಾಗ್4ಜೆ ಅನ್ನೋ ಜಾವಾ ಲಾಗಿಂಗ್ ಲೈಬ್ರರಿಯ ತೂತು) ಇನ್ನೂ ವಿಚಿತ್ರ, ಯಾವ ಬ್ರೌಸರ್ ಅಂತ ಹೇಳೋ ಯೂಸರ್-ಏಜೆಂಟ್ ಹೆಡರಲ್ಲಿ ಒಂದು ಸಾಲು ಹಾಕಿ ಕಳ್ಸಿದ್ರೆ ಸಾಕು, ಅದನ್ನ ಲಾಗಲ್ಲಿ ಬರ್ಕೊಳೋ ಸಾಫ್ಟ್‌ವೇರೇ ಹೊರಗಡೆ ಸರ್ವರಿಂದ ಕೋಡ್ ತಂದು ಓಡ್ಸೋದು. ಇಂಥವಕ್ಕೆ ಲೈಬ್ರರಿ ಅಪ್‌ಡೇಟೇ ಔಷಧಿ, ನಿಮ್ಮ ವ್ಯಾಲಿಡೇಷನ್ ಅಲ್ಲ, ಆದ್ರೆ ಪಟ್ಟೀಲಿ ಹೆಡರ್ ಇರ್ಲೇಬೇಕು ಅನ್ನೋದಕ್ಕೆ ಹೇಳ್ದೆ.

ಇನ್ನೊಂದು, "ಇದು ನಮ್ಮದೇ ಇನ್ನೊಂದು ಸರ್ವೀಸಿಂದ ಬರೋದು, ಚೆಕ್ ಬೇಡ" ಅನ್ನೋ ಮಾತು. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಅಪ್‌ಡೇಟಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ನೀಲಿ ಸ್ಕ್ರೀನ್ ಹೊಡೆದು ಎಷ್ಟೋ ಏರ್‌ಪೋರ್ಟಲ್ಲಿ ವಿಮಾನ ನಿಂತ್ವಲ್ಲ, ಅದರ ಮೂಲದಲ್ಲಿ ಇದ್ದಿದ್ದು ಅವರದ್ದೇ ಕಂಟೆಂಟ್ ಫೈಲು. ಟೆಂಪ್ಲೇಟು 21 ಫೀಲ್ಡ್ ಅಂತ ಹೇಳ್ತಿತ್ತು, ಓದೋ ಕೋಡಿಗೆ ಸಿಗ್ತಿದ್ದಿದ್ದು 20. ಇಪ್ಪತ್ತೊಂದನೇದನ್ನ ಹುಡುಕಿ ಮೆಮೊರಿ ಆಚೆ ಕೈ ಹಾಕ್ತು. ದಾಳಿ ಅಲ್ಲ, ಯಾರೂ ಹ್ಯಾಕ್ ಮಾಡಿದ್ದಲ್ಲ, ಎಣಿಕೆ ನೋಡದೇ ಇದ್ದಿದ್ದು. ಹಾಗಾಗಿ ಪೇಮೆಂಟ್ ಗೇಟ್‌ವೇ ವೆಬ್‌ಹುಕ್ (ದುಡ್ಡು ಬಂತು ಅಂತ ಗೇಟ್‌ವೇ ತಾನಾಗೇ ನಮ್ಮ ಸರ್ವರಿಗೆ ಕಳ್ಸೋ ಸುದ್ದಿ) ಕೂಡ ಪಟ್ಟೀಲಿ ಇರ್ಲಿ, ಅದರ ಸಿಗ್ನೇಚರನ್ನ (ಗೇಟ್‌ವೇನೇ ಕಳ್ಸಿದ್ದು ಅನ್ನೋ ಗುರುತು) ಬಾಡಿನ ಪಾರ್ಸ್ ಮಾಡೋಕ್, ಅಂದ್ರೆ ಬಿಡಿಸಿ ಓದೋಕ್ ಮುಂಚೆ, ಬಂದ ಬೈಟ್ಸ್ ಹಾಗೇ ಇರೋವಾಗ್ಲೇ ಚೆಕ್ ಮಾಡಿ. ಪಾರ್ಸ್ ಮಾಡಿ ಮತ್ತೆ ಜೇಸನ್ ಕಟ್ಟಿದ್ರೆ ಒಂದು ಸ್ಪೇಸ್ ಹೆಚ್ಚುಕಮ್ಮಿ ಆದ್ರೂ ಸಿಗ್ನೇಚರ್ ಕೂಡಲ್ಲ.

2. ಪಾರ್ಸ್ ಮಾಡೋಕ್ ಮುಂಚೆ ಗಾತ್ರ ನೋಡಿ

ನಮ್ಮ ಕಾಫಿ ಆರ್ಡರು ಎಷ್ಟೇ ಉದ್ದ ವಿಳಾಸ ಬರೆದ್ರೂ ನಾಲ್ಕೈದು ಕೆಬಿ ದಾಟಲ್ಲ. ನೋಡ್.ಜೆಎಸ್ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್ಸಿನ ಜೇಸನ್ ಪಾರ್ಸರ್ ಡಿಫಾಲ್ಟಾಗಿ 100 ಕೆಬಿ ತಗೊಳತ್ತೆ, ಎಂಜಿನ್‌ಎಕ್ಸ್ ವೆಬ್ ಸರ್ವರು 1 ಎಂಬಿ ತನಕ ಬಿಡತ್ತೆ. ಫೋಟೋ ಅಪ್‌ಲೋಡ್ ಕೆಲಸ ಮಾಡ್ತಿಲ್ಲ ಅಂತ ಯಾರೋ ಒಬ್ರು ಎಲ್ಲಾ ಕಡೆ 50 ಎಂಬಿ ಮಾಡಿ ಹೋಗಿರ್ತಾರೆ, ಅದು ಲಾಗಿನ್ ಎಪಿಐಗೂ ಅನ್ವಯ ಆಗ್ತಿರತ್ತೆ, ಯಾರಿಗೂ ನೆನಪಿರಲ್ಲ. ರೂಟ್ ರೂಟಿಗೂ (ಎಪಿಐಯ ಒಂದೊಂದು ಅಡ್ರೆಸ್ಸಿಗೂ) ಬೇರೆ ಬೇರೆ ಲಿಮಿಟ್ ಇಡಿ, ಆರ್ಡರಿಗೆ 16 ಕೆಬಿ ಬೇಕಾದಷ್ಟಾಯ್ತು. ದಾಟಿದ್ರೆ 413 (ಗಾತ್ರ ಜಾಸ್ತಿ ಅನ್ನೋ ಎರರ್ ಕೋಡ್) ವಾಪಸ್, ಜೇಸನ್ ಅಲ್ಲದ್ದು ಬಂದ್ರೆ 415 ವಾಪಸ್, ಅಲ್ಲಿಗೆ ಮುಗೀತು. ಬಾಡಿ ಉದ್ದ ಇಷ್ಟು ಅಂತ ಕಳ್ಸೋನು ಹೆಡರಲ್ಲಿ ಹೇಳೋದನ್ನ ಮಾತ್ರ ನಂಬ್ಬೇಡಿ, ಓದ್ತಾ ಓದ್ತಾ ಎಣಿಸೋ ಪಾರ್ಸರೇ ಬೇಕು. 2014ರ ಹಾರ್ಟ್‌ಬ್ಲೀಡ್ ಆಗಿದ್ದೇ ಹಂಗೆ, "ನಾನು ಇಷ್ಟು ಬೈಟ್ ಕಳ್ಸಿದೀನಿ, ಅಷ್ಟೇ ವಾಪಸ್ ಕೊಡು" ಅಂದ್ರೆ ಓಪನ್‌ಎಸ್‌ಎಸ್‌ಎಲ್ ಅನ್ನೋ ಎನ್‌ಕ್ರಿಪ್ಷನ್ ಲೈಬ್ರರಿ ನಿಜವಾಗ್ಲೂ ಅಷ್ಟು ಬಂದಿದ್ಯಾ ಅಂತ ನೋಡ್ದೆ ಪಕ್ಕದ ಮೆಮೊರೀನೂ ಸೇರ್ಸಿ ಕೊಡ್ತಿತ್ತು.

ಜೇಸನಲ್ಲಿ ಒಂದೇ ಕೀ ಎರಡು ಸಲ ಬಂದ್ರೆ? ಒಂದು ಪಾರ್ಸರು ಮೊದಲನೇದನ್ನ ತಗೊಳತ್ತೆ, ಇನ್ನೊಂದು ಕೊನೇದನ್ನ. ಕೌಚ್‌ಡಿಬಿ ಡೇಟಾಬೇಸಲ್ಲಿ 2017ರಲ್ಲಿ ಇದೇ ದೊಡ್ಡ ತೂತಾಯ್ತು, ಜಾವಾಸ್ಕ್ರಿಪ್ಟ್ ಕಡೆಯ ಪಾರ್ಸರು ಒಂದು "ರೋಲ್ಸ್" ನೋಡಿ ಸರಿ ಇದೆ ಅಂತು, ಎರ್ಲಾಂಗ್ ಕಡೆಯದ್ದು ಇನ್ನೊಂದು "ರೋಲ್ಸ್" ನೋಡಿ ಅಡ್ಮಿನ್ ಮಾಡ್ತು. ಹಾಗಾಗಿ ಚೆಕ್ ಮಾಡಿದ ಆಬ್ಜೆಕ್ಟನ್ನೇ ಮುಂದೆ ಕಳ್ಸಿ, ಬಂದ ಮೂಲ ಸ್ಟ್ರಿಂಗನ್ನ ಇನ್ನೊಂದು ಸರ್ವೀಸಿಗೆ ಹಾಗೇ ದಾಟ್ಸಬೇಡಿ.

3. ಸ್ಕೀಮಾ ಬರೀರಿ, ಹೆಚ್ಚಿಗೆ ಬಂದಿದ್ದನ್ನ ಒಳಗೆ ಬಿಡ್ಬೇಡಿ

ಸ್ಕೀಮಾ ಅಂದ್ರೆ ಯಾವ್ಯಾವ ಫೀಲ್ಡು, ಯಾವ ಟೈಪು, ಎಷ್ಟರ ತನಕ ಅನ್ನೋ ನಿಯಮದ ಪಟ್ಟಿ. ಕೈಯಲ್ಲಿ ಇಫ್ ಇಫ್ ಅಂತ ನಲವತ್ತು ಸಾಲು ಬರೆಯೋದು ಬೇಡ. ಸ್ಕೀಮಾ ಚೆಕ್ ಮಾಡೋ ಲೈಬ್ರರಿಗಳಿವೆ: ನೋಡ್.ಜೆಎಸ್ಸಲ್ಲಿ ಜಾಡ್ ಇದೆ, ಎಜೆವಿ ಇದೆ, ಪೈಥಾನಲ್ಲಿ ಪೈಡ್ಯಾಂಟಿಕ್, ಜಾವಾದಲ್ಲಿ ಹೈಬರ್ನೇಟ್ ವ್ಯಾಲಿಡೇಟರ್. ಯಾವುದಾದ್ರೂ ಸರಿ, ಆದ್ರೆ ಅದರ ಡಿಫಾಲ್ಟ್ ಏನು ಅಂತ ಮೊದಲು ಓದಿ. ಪೈಡ್ಯಾಂಟಿಕ್ ಗೊತ್ತಿಲ್ಲದ ಫೀಲ್ಡ್ ಬಂದ್ರೆ ಲೆಕ್ಕಕ್ಕೇ ತಗೊಳ್ದೆ ಸುಮ್ನಿರತ್ತೆ, "3" ಅಂತ ಸ್ಟ್ರಿಂಗ್ ಬಂದ್ರೆ ತಾನೇ 3 ಮಾಡ್ಕೊಳತ್ತೆ. ಜಾಡ್ ಗೊತ್ತಿಲ್ಲದ್ದನ್ನ ಸದ್ದಿಲ್ಲದೆ ಕಿತ್ತು ಹಾಕತ್ತೆ. ಜೇಸನ್ ಸ್ಕೀಮಾದಲ್ಲಿ "ಅಡಿಷನಲ್ ಪ್ರಾಪರ್ಟೀಸ್" ಅನ್ನೋದನ್ನ ಫಾಲ್ಸ್ ಮಾಡದೇ ಇದ್ರೆ ಏನು ಬೇಕಾದ್ರೂ ಒಳಗೆ ಬರತ್ತೆ. ದುಡ್ಡಿನ ವ್ಯವಹಾರ ಇರೋ ಎಪಿಐಗೆ ನನ್ನ ಅಭಿಪ್ರಾಯ ಕೇಳಿದ್ರೆ ಮೂರನ್ನೂ ಸ್ಟ್ರಿಕ್ಟ್ ಮಾಡಿ, ಹೆಚ್ಚಿನ ಫೀಲ್ಡ್ ಬಂದ್ರೆ ರಿಜೆಕ್ಟೇ. ಕಿತ್ತು ಹಾಕೋದೂ ಸುರಕ್ಷಿತವೇ, ಆದ್ರೆ ಯಾರೋ ನಿಮ್ಮ ಬಾಗಿಲು ತಟ್ಟಿ ನೋಡ್ತಿದಾರೆ ಅನ್ನೋದು ನಿಮಗೆ ಗೊತ್ತಾಗೋದೇ ಇಲ್ಲ.

ಇದ್ಯಾಕೆ ಅಷ್ಟು ಮುಖ್ಯ ಅಂದ್ರೆ, ಬಂದ ಜೇಸನ್ನನ್ನ ಸೀದಾ ಡೇಟಾಬೇಸ್ ಮಾಡೆಲ್ಲಿಗೆ ಸುರಿಯೋ ಅಭ್ಯಾಸ ನಮ್ಮಲ್ಲಿ ಬಹಳ. ಆರ್ಡರ್ ಟೇಬಲ್ಲಲ್ಲಿ "ಪೇಯ್ಡ್" ಅಂತ ಒಂದು ಕಾಲಮ್ ಇದೆ, ಫಾರ್ಮಲ್ಲಿ ಅದಿಲ್ಲ, ಆದ್ರೆ ಕಳ್ಸೋನು "ಪೇಯ್ಡ್: ಟ್ರೂ" ಅಂತ ಸೇರ್ಸಿ ಕಳ್ಸಿದ್ರೆ ಕಾಸು ಕೊಡದೆ ಪುಡಿ ಮನೆಗೆ ಬರತ್ತೆ. ಇದಕ್ಕೆ ಮಾಸ್ ಅಸೈನ್‌ಮೆಂಟ್ ಅಂತ ಹೆಸರು. 2012ರ ಮಾರ್ಚಲ್ಲಿ ಕೋಡ್ ಇಡೋ ಸೈಟ್ ಗಿಟ್‌ಹಬ್ಬಿಗೇ ಹೀಗಾಯ್ತು, ರೇಲ್ಸ್ ಫ್ರೇಮ್‌ವರ್ಕಲ್ಲಿ ಈ ಸಮಸ್ಯೆ ಇದೆ ಅಂತ ಎಗೋರ್ ಹೊಮಾಕೋವ್ ಅನ್ನೋ ಪ್ರೋಗ್ರಾಮರ್ ಹೇಳ್ತಾನೇ ಇದ್ದ, ಕಿವಿಗೆ ಹಾಕ್ಕೊಳ್ಳಿಲ್ಲ ಅಂತ ತನ್ನ ಎಸ್‌ಎಸ್‌ಎಚ್ ಕೀನ (ಲಾಗಿನ್ ಕೀಲಿ) ಇದೇ ದಾರೀಲಿ ರೇಲ್ಸ್ ತಂಡದ ರೆಪಾಸಿಟರಿಗೇ ಸೇರ್ಸಿ ಕಮಿಟ್ ಮಾಡಿ ತೋರ್ಸಿದ. ಓವಾಸ್ಪ್ ಅನ್ನೋ ವೆಬ್ ಭದ್ರತಾ ಸಂಸ್ಥೆಯೋರ ಎಪಿಐ ಅಪಾಯಗಳ ಪಟ್ಟೀಲಿ 2019ರಲ್ಲಿ ಇದು ಸ್ವಂತ ಹೆಸರಲ್ಲೇ ಇತ್ತು, 2023ರ ಪಟ್ಟೀಲಿ ಇನ್ನೊಂದರ ಜೊತೆ ಸೇರ್ಸಿ ಮೂರನೇ ಸ್ಥಾನದಲ್ಲಿಟ್ಟಿದಾರೆ. ಪಟ್ಟೀಲಿ ಜಾಗ ಬದಲಾಯ್ತೇ ಹೊರತು ಕಾಯಿಲೆ ಹೋಗಿಲ್ಲ.

ಮಾಂಗೊಡಿಬಿ ಡೇಟಾಬೇಸ್ ಬಳಸೋರಿಗೆ ಟೈಪ್ ಚೆಕ್ಕು ಇನ್ನೂ ಮುಖ್ಯ. ಪಾಸ್‌ವರ್ಡ್ ಜಾಗದಲ್ಲಿ ಸ್ಟ್ರಿಂಗಿನ ಬದಲು ಡಾಲರ್ ಚಿಹ್ನೆಯಿಂದ ಶುರುವಾಗೋ "ಸಮ ಅಲ್ಲ" ಅನ್ನೋ ಆಪರೇಟರ್ ಇಟ್ಟ ಆಬ್ಜೆಕ್ಟ್ ಕಳ್ಸಿ, ಅದಕ್ಕೆ ನಲ್ ಕೊಟ್ರೆ, "ಪಾಸ್‌ವರ್ಡ್ ನಲ್ ಅಲ್ಲದ ಯೂಸರನ್ನ ಕೊಡು" ಅಂತ ಕ್ವೆರಿ ಆಗೋಗತ್ತೆ. ಎಕ್ಸ್‌ಪ್ರೆಸ್ 4ರಲ್ಲಿ ಇದನ್ನ ಯುಆರ್‌ಎಲ್ ಕ್ವೆರಿಯಿಂದ್ಲೂ ಮಾಡ್ಬೋದಿತ್ತು, ಚೌಕ ಬ್ರಾಕೆಟ್ ಹಾಕಿದ್ರೆ ಅದೇ ಆಬ್ಜೆಕ್ಟ್ ಮಾಡಿ ಕೊಡ್ತಿತ್ತು, 5ರಲ್ಲಿ ಡಿಫಾಲ್ಟನ್ನ ಸಿಂಪಲ್ ಪಾರ್ಸರಿಗೆ ಬದ್ಲಾಯಿಸಿದಾರೆ. "ಇದು ಸ್ಟ್ರಿಂಗೇ ಆಗಿರ್ಬೇಕು" ಅನ್ನೋ ಒಂದು ಸಾಲಿನ ಸ್ಕೀಮಾ ಇಷ್ಟನ್ನೂ ತಡೀತಿತ್ತು.

4. ಫೀಲ್ಡ್ ಫೀಲ್ಡ್ ನೋಡ್ತಾ ಹೋಗಿ

ಪ್ಯಾಕ್ ಎಣಿಕೆ: ಪೂರ್ಣಾಂಕ, 1ರಿಂದ 50. ಮೇಲಿನ ಮಿತಿ ಯಾಕೆ ಅಂದ್ರೆ, ಹತ್ತು ಕೋಟಿ ಪ್ಯಾಕ್ ಅಂತ ಯಾರಾದ್ರೂ ಕಳ್ಸಿದ್ರೆ ಸ್ಟಾಕೆಲ್ಲಾ ಬುಕ್ ಆದಂಗೆ ಕಾಣ್ಸಿ ನಿಜವಾದ ಗಿರಾಕಿಗಳಿಗೆ "ಖಾಲಿ" ಅಂತ ಹೋಗತ್ತೆ. ಒಂದೂವರೆ ಪ್ಯಾಕು ಅನ್ನೋದು ಇಲ್ಲ, ಹಾಗಾಗಿ ದಶಮಾಂಶ ರಿಜೆಕ್ಟ್. ಪ್ಯಾಕ್ ಗಾತ್ರ 100, 250, 500, 1000 ಗ್ರಾಂ, ಈ ನಾಲ್ಕರಲ್ಲಿ ಒಂದು, ಬೇರೆ ಯಾವ್ದೂ ಇಲ್ಲ. ಇಂಥ ಕಡೆ "ಯಾವುದು ಬೇಡ" ಅಂತ ಬರೆಯೋಕೆ ಹೋದ್ರೆ ಮುಗಿಯಲ್ಲ, "ಯಾವುದು ಬೇಕು" ಅಂತ ಬರೆದ್ರೆ ಒಂದೇ ಸಾಲು.

ಚಿಕೋರಿ ಪರ್ಸೆಂಟು: ಇದು ಮಜಾ ಇರೋ ಫೀಲ್ಡು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕ ಕನಿಷ್ಠ 51 ಪರ್ಸೆಂಟ್ ಇರ್ಬೇಕು ಅಂತ ನಮ್ಮ ಆಹಾರ ಸುರಕ್ಷತಾ ನಿಯಮಾನೇ ಹೇಳತ್ತೆ, ಅಂದ್ರೆ ಚಿಕೋರಿ 0ರಿಂದ 49. ಇದನ್ನ ಪ್ರೋಗ್ರಾಮರ್ ತನ್ನಷ್ಟಕ್ಕೆ ತಾನು 0ರಿಂದ 100 ಅಂತ ಬರೆದಿರ್ತಾನೆ, ಪರ್ಸೆಂಟ್ ಅಂದ್ಮೇಲೆ ನೂರು ತಾನೇ ಅಂತ. ಒಂದ್ಸಲ ಅಂಗಡಿಯೋರ ಜೊತೆ ಕೂತು ಫೀಲ್ಡ್ ಫೀಲ್ಡಿಗೂ "ಇದಕ್ಕೆ ಕಮ್ಮಿ ಅಂದ್ರೆ ಎಷ್ಟು, ಜಾಸ್ತಿ ಅಂದ್ರೆ ಎಷ್ಟು" ಅಂತ ಕೇಳಿ ಬರ್ಕೊಳಿ, ಅರ್ಧ ಗಂಟೆ ಕೆಲಸ.

ಬೆಲೆ: ಇದನ್ನ ತಗೊಳ್ಲೇಬೇಡಿ. ಬ್ರೌಸರಿಂದ ಬೆಲೆ ಬರೋ ಹಾಗಿದ್ರೆ ಆ ಫೀಲ್ಡನ್ನ ಸ್ಕೀಮಾದಿಂದ್ಲೇ ತೆಗೀರಿ, ಪುಡಿ ಕೋಡು, ಗಾತ್ರ, ಎಣಿಕೆ ನೋಡಿ ಸರ್ವರೇ ಲೆಕ್ಕ ಹಾಕ್ಲಿ, ಅದೂ ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಇಟ್ಕೊಂಡು. ಐಡಿಗಳು ದೊಡ್ಡ ನಂಬರಾಗಿದ್ರೆ ಸ್ಟ್ರಿಂಗಾಗೇ ಕಳ್ಸಿ, ಜಾವಾಸ್ಕ್ರಿಪ್ಟ್ 9007199254740991 ದಾಟಿದ್ರೆ ಪಕ್ಕದ ನಂಬರನ್ನೂ ಇದನ್ನೂ ಒಂದೇ ಮಾಡ್ಬಿಡ್ಬೋದು.

ಡೆಲಿವರಿ ದಿನ: ಜಾವಾಸ್ಕ್ರಿಪ್ಟಿಗೆ ವರ್ಷ, ತಿಂಗಳು, ದಿನ ಬಿಡಿ ಬಿಡಿಯಾಗಿ ಕೊಟ್ಟು 2025ರ ಫೆಬ್ರವರಿ 30 ಅಂದ್ರೆ ತಕರಾರಿಲ್ದೆ ಮಾರ್ಚ್ 2 ಮಾಡಿ ಕೊಡತ್ತೆ, ಹಾಗಾಗಿ ಕಟ್ಟಿದ ದಿನಾಂಕಾನ ಮತ್ತೆ ಬಿಡಿಸಿ ಬಂದಿದ್ದಕ್ಕೇ ಸಮ ಇದ್ಯಾ ನೋಡಿ. "ಇವತ್ತಿಗಿಂತ ಹಿಂದಿನ ದಿನ ಬೇಡ" ಅನ್ನೋ ಚೆಕ್ಕಲ್ಲಿ ಸರ್ವರ್ ಯುಟಿಸಿಯಲ್ಲಿದ್ರೆ (ನಮಗಿಂತ ಐದೂವರೆ ಗಂಟೆ ಹಿಂದಿರೋ ಅಂತಾರಾಷ್ಟ್ರೀಯ ಸಮಯ) ನಮ್ಮ ಮಧ್ಯರಾತ್ರಿಯಿಂದ ಬೆಳಗಿನ ಜಾವ ಐದೂವರೆ ತನಕ ಅದಕ್ಕಿನ್ನೂ ನಿನ್ನೆಯೇ.

ಫೋನು: ಮೊದಲು ಸ್ಪೇಸು, ಹೈಫನ್ನು, ಮುಂದಿನ +91 ತೆಗೀರಿ, ಆಮೇಲೆ ಚೆಕ್ ಮಾಡಿ: 10 ಅಂಕಿ, ಮೊದಲನೇದು 6ರಿಂದ 9. ಪಿನ್‌ಕೋಡು 6 ಅಂಕಿ, ಸೊನ್ನೆಯಿಂದ ಶುರುವಾಗಲ್ಲ. ಜಿಎಸ್‌ಟಿ ನಂಬರು 15 ಅಕ್ಷರ, ಮೊದಲ ಎರಡು ರಾಜ್ಯದ ಕೋಡು, ಕರ್ನಾಟಕಕ್ಕೆ 29, ಆಮೇಲಿನ ಹತ್ತು ಪ್ಯಾನು, ಕೊನೇದು ಚೆಕ್‌ಸಮ್. ಚೆಕ್‌ಸಮ್ ಲೆಕ್ಕ ಹಾಕಿದ್ರೆ ಟೈಪಿಂಗ್ ತಪ್ಪು ಬಹುಪಾಲು ಅಲ್ಲೇ ಸಿಗತ್ತೆ. ಆಕಾರ ಸರಿ ಇದ್ದ ಮಾತ್ರಕ್ಕೆ ಆ ನಂಬರ್ ನಿಜವಾಗ್ಲೂ ಇದೆ ಅಂತೇನೂ ಅಲ್ಲ, ಫೋನಿಗೆ ಓಟಿಪಿ ಬೇಕೇ ಬೇಕು.

ಈಗ ರೆಜೆಕ್ಸ್ (ಅಕ್ಷರಗಳು ಯಾವ ಮಾದರೀಲಿ ಇರ್ಬೇಕು ಅಂತ ಬರೆಯೋ ಸೂತ್ರ) ವಿಷ್ಯ, ಇಲ್ಲಿ ಸ್ವಲ್ಪ ನಿಧಾನ. ಪೈಥಾನಲ್ಲಿ ಬ್ಯಾಕ್‌ಸ್ಲ್ಯಾಶ್ ಡಿ ಅಂದ್ರೆ 0-9 ಅಷ್ಟೇ ಅಲ್ಲ, ಯೂನಿಕೋಡಲ್ಲಿ ಅಂಕಿ ಅಂತ ಇರೋದೆಲ್ಲಾ, ಅಂದ್ರೆ ನಮ್ಮ ೦-೯ ಕೂಡ. "೯೮೪೫" ಅಂತ ಶುರುವಾಗೋ ಹತ್ತು ಕನ್ನಡ ಅಂಕಿ ಕಳ್ಸಿದ್ರೆ ಬರೀ ಹತ್ತು ಅಂಕಿ ಎಣಿಸೋ ಪೈಥಾನ್ ಚೆಕ್ ಪಾಸ್ ಮಾಡತ್ತೆ, ಇಂಟ್ ಫಂಕ್ಷನ್ನಿಗೆ "೧೨೩" ಕೊಟ್ರೆ 123 ಅಂತ್ಲೇ ಕೊಡತ್ತೆ. ಅದೇ ಜಾವಾಸ್ಕ್ರಿಪ್ಟಲ್ಲಿ ಬರೆದ ಇನ್ನೊಂದು ಸರ್ವೀಸು ಇದು ಅಂಕಿನೇ ಅಲ್ಲ ಅನ್ನತ್ತೆ. ಕನ್ನಡ ಅಂಕಿ ಟೈಪ್ ಮಾಡೋರು ಇದಾರೆ, ಬೇಡ ಅಂತ ಓಡ್ಸೋದಕ್ಕಿಂತ ಮೊದಲೇ 0-9ಕ್ಕೆ ಬದಲಾಯಿಸಿ, ಆಮೇಲೆ 0ರಿಂದ 9 ಅಂತ ಬಿಡಿಸಿ ಬರೆದ ರೆಜೆಕ್ಸಿಂದ ಚೆಕ್ ಮಾಡಿ. ಇನ್ನು ^ ಮತ್ತು $ ಹಾಕಿದ ತಕ್ಷಣ ಪೂರ್ತಿ ಸ್ಟ್ರಿಂಗ್ ಹೊಂದಿತು ಅಂತ ತಿಳ್ಕೊಬೇಡಿ, ರೂಬಿಯಲ್ಲಿ ಅವು ಸಾಲಿನ ಶುರು-ಕೊನೆ, ಪೈಥಾನಲ್ಲಿ $ ಕೊನೇಲೊಂದು ನ್ಯೂಲೈನ್ ಇದ್ರೂ ಒಪ್ಕೊಳತ್ತೆ. ಪೈಥಾನಲ್ಲಿ ಫುಲ್‌ಮ್ಯಾಚ್ ಬಳಸಿ.

ಉದ್ದದ ಮಿತಿ ರೆಜೆಕ್ಸಿಗಿಂತ ಮೊದಲು ಬರ್ಬೇಕು. 2016ರ ಜುಲೈ 20ಕ್ಕೆ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಬಿದ್ದಿತ್ತು, ಕಾರಣ ಒಂದು ಪೋಸ್ಟಲ್ಲಿದ್ದ ಸುಮಾರು 20,000 ಸ್ಪೇಸು, ಅದನ್ನ ಟ್ರಿಮ್ ಮಾಡೋಕೆ ಬರೆದಿದ್ದ ಪುಟ್ಟ ರೆಜೆಕ್ಸು ಪ್ರತಿ ಸ್ಪೇಸಿಂದ್ಲೂ ಮತ್ತೆ ಮತ್ತೆ ಶುರು ಮಾಡಿ ಸಿಪಿಯು ಎಲ್ಲಾ ತಿಂದಾಕ್ತು. ಕ್ಲೌಡ್‌ಫ್ಲೇರ್ 2019ರ ಜುಲೈ 2ಕ್ಕೆ ಬಿದ್ದಿದ್ದೂ ದಾಳಿ ತಡೆಯೋಕೆ ಅಂತ ಬರೆದ ರೆಜೆಕ್ಸಿಂದ್ಲೇ.

5. ಹೆಸರು: ಇಲ್ಲಿ ಮಾತ್ರ ಕೈ ಸಡಿಲ ಇರ್ಲಿ

ಇಲ್ಲಿ ತನಕ ಕಟ್ಟುನಿಟ್ಟು ಕಟ್ಟುನಿಟ್ಟು ಅಂದೆ. ಜನರ ಹೆಸರಿಗೆ ಅದೇ ಕಟ್ಟುನಿಟ್ಟು ಹಾಕಿದ್ರೆ ಭದ್ರತೆ ಏನೂ ಜಾಸ್ತಿ ಆಗಲ್ಲ, ಗಿರಾಕಿಗಳು ಮಾತ್ರ ವಾಪಸ್ ಹೋಗ್ತಾರೆ. ಇಂಗ್ಲಿಷ್ ಎ-ಝಡ್ ಮಾತ್ರ ಅಂತ ಇರೋ ಫಾರ್ಮು ನಮ್ಮೂರಲ್ಲೇ ಮಾಡಿದ ಆಪಲ್ಲೂ ಸಿಗತ್ತೆ, ಇದು ನನಗೆ ಬೇಜಾರು ತರೋ ವಿಷ್ಯ. ಸರಿ, ಯೂನಿಕೋಡ್ ಅಕ್ಷರ ಬಿಡೋಣ ಅಂತ "ಲೆಟರ್" ಕೆಟಗರಿ ಒಂದನ್ನೇ ಬಿಟ್ರೆ "ಗೀತಾ" ಫೇಲಾಗತ್ತೆ, ಯಾಕಂದ್ರೆ ಗ, ತ ಲೆಟರುಗಳು, ಆದ್ರೆ "ಗೀ"ಲಿರೋ ಗುಡಿಸಿನ ದೀರ್ಘ, "ತಾ"ದಲ್ಲಿರೋ ಇಳಿ ಎಲ್ಲಾ ಯೂನಿಕೋಡಿನ ಲೆಕ್ಕದಲ್ಲಿ "ಮಾರ್ಕ್". ಅರ್ಧಾಕ್ಷರ ಮಾಡೋ ವಿರಾಮ (್) ಚಿಹ್ನೆನೂ ಮಾರ್ಕೇ. ಹಾಗಾಗಿ ಲೆಟರ್ ಜೊತೆ ಮಾರ್ಕ್ ಸೇರ್ಸಿ. ಅಲ್ಲಿಗೂ ಮುಗಿಯಲ್ಲ, ಕನ್ನಡದಲ್ಲಿ ಒತ್ತಕ್ಷರ ಬೇಡದ ಕಡೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಬರತ್ತೆ, "ರಾಜ್‌ಕುಮಾರ್" ಅಂತ ಬರೆದ್ರೆ ಜ್ ಆದ್ಮೇಲೆ ಅದಿರತ್ತೆ, ಇಲ್ದಿದ್ರೆ ಕ ಹೋಗಿ ಜ ಕೆಳಗೆ ಕೂತ್ಕೊಳತ್ತೆ. ಅದು ಲೆಟರೂ ಅಲ್ಲ ಮಾರ್ಕೂ ಅಲ್ಲ, "ಫಾರ್ಮ್ಯಾಟ್" ಕೆಟಗರಿ. ಕಾಣದ ಅಕ್ಷರ ಎಲ್ಲಾ ಅಪಾಯ ಅಂತ ಆ ಕೆಟಗರೀನೇ ಬ್ಲಾಕ್ ಮಾಡಿದ್ರೆ ಕನ್ನಡ ಹೆಸರು ಕೆಡತ್ತೆ, ಪೂರ್ತಿ ಬಿಟ್ರೆ ಬಲದಿಂದ ಎಡಕ್ಕೆ ತಿರುಗ್ಸೋ ಕಂಟ್ರೋಲ್ ಅಕ್ಷರಗಳೂ ನುಗ್ಗತ್ವೆ. ಜಾಯ್ನರ್, ನಾನ್ ಜಾಯ್ನರ್ ಎರಡನ್ನೇ ಒಳಗೆ ಬಿಡಿ, ಉಳಿದಿದ್ದು ಬೇಡ.

ಆಮೇಲೆ ನಾರ್ಮಲೈಸ್, ಅಂದ್ರೆ ಎಲ್ಲಾನೂ ಒಂದೇ ರೂಪಕ್ಕೆ ತರೋದು. "ಕೊಟ್ರೇಶ್" ಅನ್ನೋದ್ರಲ್ಲಿರೋ ೊ ಒಂದೇ ಕೋಡ್ ಆಗಿಯೂ ಬರ್ಬೋದು, ೆ ಮತ್ತು ೂ ಎರಡು ಕೋಡ್ ಸೇರಿಯೂ ಬರ್ಬೋದು, ನೋಡೋಕೆ ಒಂದೇ, ಹೋಲ್ಸಿದ್ರೆ ಬೇರೆ. ಯೂಸರ್‌ನೇಮ್ ಕನ್ನಡದಲ್ಲಿ ಬಿಡ್ತೀರಾದ್ರೆ ಒಬ್ಬರ ಹೆಸರಲ್ಲಿ ಇಬ್ಬರು ಸೇರ್ಕೊಳೋಕೆ ಇದು ಸಾಕು. ಎನ್‌ಎಫ್‌ಸಿ ಅನ್ನೋ ಯೂನಿಕೋಡ್ ರೂಪಕ್ಕೆ ತಂದು ಆಮೇಲೆ ಚೆಕ್ ಮಾಡಿ, ಆಮೇಲೆ ಉಳಿಸಿ. ಈ ಕ್ರಮ ಹಿಂದೆಮುಂದೆ ಆದ್ರೆ ಚೆಕ್ ಆಗಿದ್ದು ಒಂದು, ಉಳಿದಿದ್ದು ಇನ್ನೊಂದು.

ಉದ್ದ ಎಷ್ಟಿಡ್ಬೇಕು? "ಸಿದ್ದಲಿಂಗಸ್ವಾಮಿ" ನಮ್ಮ ಕಣ್ಣಿಗೆ ಆರು ಅಕ್ಷರ, ಕೋಡ್ ಪಾಯಿಂಟ್ (ಯೂನಿಕೋಡಲ್ಲಿ ಒಂದೊಂದು ಚಿಹ್ನೆಗಿರೋ ನಂಬರು) ಲೆಕ್ಕದಲ್ಲಿ 15, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್ ಆದ್ರಿಂದ 45 ಬೈಟು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ಲಲ್ಲಿ ಕಾಲಮ್ ಉದ್ದ ಅಕ್ಷರದ ಲೆಕ್ಕ, ಒರಾಕಲ್ಲಲ್ಲಿ ಡಿಫಾಲ್ಟು ಬೈಟ್ ಲೆಕ್ಕ, ಅಲ್ಲಿ 30ರ ಕಾಲಮ್ಮಿಗೆ ಈ ಹೆಸರು ಹಿಡಿಯಲ್ಲ. ಮೈಎಸ್‌ಕ್ಯೂಎಲ್ಲಿನ ಹಳೇ "ಯುಟಿಎಫ್8" ಮೂರು ಬೈಟಿಗೇ ನಿಲ್ಲತ್ತೆ, ಅದ್ರಿಂದ ಕನ್ನಡದಲ್ಲಿ ಟೆಸ್ಟ್ ಮಾಡಿದಾಗ ಎಲ್ಲಾ ಸರಿ ಇದ್ದು, ಗಿಫ್ಟ್ ಮೆಸೇಜಲ್ಲಿ ಎಮೋಜಿ ಬಂದ ದಿನ ಎರರ್ ಹೊಡೆಯತ್ತೆ. ಪಾಸ್‌ವರ್ಡಿಗೂ ಇದೇ ಗೋಳು: ಪಾಸ್‌ವರ್ಡನ್ನ ಗುರುತು ಸಿಗದಂಗೆ ಬದಲಾಯಿಸಿ ಉಳಿಸೋ ಬಿಕ್ರಿಪ್ಟ್ 72 ಬೈಟ್ ಮಾತ್ರ ನೋಡತ್ತೆ, ಕನ್ನಡದಲ್ಲಿ ಬರೆದ್ರೆ 24 ಕೋಡ್ ಪಾಯಿಂಟಿಗೇ ಮುಗೀತು, ಆಮೇಲಿಂದು ಏನಿದ್ರೂ ಒಂದೇ. 2024ರಲ್ಲಿ ಒಕ್ಟಾ ಅನ್ನೋ ಲಾಗಿನ್ ಸೇವೇಲಿ ಯೂಸರ್‌ನೇಮ್ 52 ಅಕ್ಷರ ಅಥವಾ ಹೆಚ್ಚಿದ್ದಾಗ, ಕೆಲವು ಸನ್ನಿವೇಶದಲ್ಲಿ ಪಾಸ್‌ವರ್ಡ್ ಇಲ್ಲದೇ ಲಾಗಿನ್ ಆಗ್ಬೋದಾಗಿತ್ತು, ಐಡಿ, ಹೆಸರು, ಪಾಸ್‌ವರ್ಡ್ ಮೂರನ್ನೂ ಜೋಡ್ಸಿ ಬಿಕ್ರಿಪ್ಟಿಗೆ ಕೊಡ್ತಿದ್ರು, ಪಾಸ್‌ವರ್ಡ್ ಬರೋಷ್ಟರಲ್ಲಿ 72 ತುಂಬೋಗಿರ್ತಿತ್ತು. ಉದ್ದ ಜಾಸ್ತಿ ಆದ್ರೆ ಕತ್ತರಿಸ್ಬೇಡಿ, ರಿಜೆಕ್ಟ್ ಮಾಡಿ.

ಹಾಂ, "ಲಾಸ್ಟ್ ನೇಮ್ ಕಡ್ಡಾಯ" ಅನ್ನೋದನ್ನೂ ತೆಗೀರಿ. ನಮ್ಮಲ್ಲಿ ಇನಿಶಿಯಲ್ ಇರೋರೇ ಜಾಸ್ತಿ, ಚುಕ್ಕಿ ಬಿಡ್ಬೇಕು, ಸ್ಪೇಸ್ ಬಿಡ್ಬೇಕು, ಒಂದೇ ಪದದ ಹೆಸರನ್ನೂ ಬಿಡ್ಬೇಕು.

6. ಎಸ್‌ಕ್ಯೂಎಲ್ ಇಂಜೆಕ್ಷನ್ ತಡೆಯೋದು ವ್ಯಾಲಿಡೇಷನ್ ಅಲ್ಲ

ಇನ್‌ಪುಟ್ ಒಳಗೆ ಡೇಟಾಬೇಸ್ ಕಮಾಂಡ್ ತುರುಕಿ ಕಳ್ಸೋ ದಾಳಿನೇ ಎಸ್‌ಕ್ಯೂಎಲ್ ಇಂಜೆಕ್ಷನ್, ಅದಕ್ಕೆ ಹೆದ್ರಿ ಕೆಲವು ಚಿಹ್ನೆ, ಪದಗಳನ್ನೇ ತಡೆಯೋರಿದಾರೆ. ಮಂಗಳೂರಿನ ಡಿ'ಸೋಜಾ ಅವರು ಆರ್ಡರ್ ಮಾಡೋಕೆ ಬಂದ್ರೆ ಹೆಸರಲ್ಲಿ ಸಿಂಗಲ್ ಕೋಟ್ ಇದೆ ಅಂತ ಬ್ಲಾಕು. ವಿಳಾಸದಲ್ಲಿ "ಯೂನಿಯನ್ ಬ್ಯಾಂಕ್ ಎದುರು" ಅಂತ ಇಂಗ್ಲಿಷಲ್ಲಿ ಬರೆದ್ರೆ ಯೂನಿಯನ್ ಅನ್ನೋದು ಎಸ್‌ಕ್ಯೂಎಲ್ ಪದ ಅಂತ ಅದೂ ಬ್ಲಾಕು. ಈ ತರ ಕೆಟ್ಟ ಪದಗಳ ಪಟ್ಟಿ ಇಟ್ಕೊಂಡು ಭದ್ರತೆ ಮಾಡೋದು ಬರೀ ತಲೆನೋವು, ದಾಳಿ ಮಾಡೋನು ಆ ಪಟ್ಟೀನ ಸುತ್ತು ಹಾಕ್ಕೊಂಡು ಬರೋ ದಾರಿ ಹತ್ತು ಕಂಡ್ಕೊಂಡಿರ್ತಾನೆ. ಎಸ್‌ಕ್ಯೂಎಲ್ಲಿಗೆ ಪ್ಯಾರಾಮೀಟರೈಸ್ಡ್ ಕ್ವೆರಿ (ಕಮಾಂಡನ್ನೂ ಡೇಟಾನೂ ಬೇರೆ ಬೇರೆ ಕಳ್ಸೋದು), ಅದೊಂದೇ. ಸ್ಟ್ರಿಂಗ್ ಜೋಡ್ಸಿ ಕ್ವೆರಿ ಕಟ್ಟೋದನ್ನ ನಿಲ್ಸಿ, ಆಗ ಡಿ'ಸೋಜಾನೂ ಬರ್ಲಿ, ಯೂನಿಯನ್ ಬ್ಯಾಂಕೂ ಬರ್ಲಿ. ಬ್ರಿಟನ್ನಿನ ಟಾಕ್‌ಟಾಕ್ ಟೆಲಿಕಾಂ ಕಂಪನಿಗೆ 2015ರಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನಿಂದ 1,56,959 ಗ್ರಾಹಕರ ವಿವರ ಹೋಯ್ತು, ಮಾರನೇ ವರ್ಷ 4 ಲಕ್ಷ ಪೌಂಡ್ ದಂಡ ಬಿತ್ತು, ದಾರಿ ಸಿಕ್ಕಿದ್ದು ಅವರು ಕೊಂಡ್ಕೊಂಡಿದ್ದ ಇನ್ನೊಂದು ಕಂಪನಿಯ ಹಳೇ ವೆಬ್‌ಪೇಜಿಂದ.

ಪ್ಯಾರಾಮೀಟರ್ ಹಾಕೋಕ್ ಆಗದ ಒಂದು ಜಾಗ ಇದೆ, "ಯಾವ ಕಾಲಮ್ ಪ್ರಕಾರ ಸಾರ್ಟ್ ಮಾಡ್ಲಿ" ಅನ್ನೋದು. ಅಲ್ಲಿ ಬಂದ ಪದಾನ ಕ್ವೆರಿಗೆ ಹಾಕ್ದೆ, "ಬೆಲೆ" ಅಂದ್ರೆ ಈ ಕಾಲಮ್, "ಹೊಸದು" ಅಂದ್ರೆ ಆ ಕಾಲಮ್ ಅಂತ ಕೋಡಲ್ಲೇ ಸಣ್ಣ ಮ್ಯಾಪ್ ಇಡಿ.

ಗಿಫ್ಟ್ ಮೆಸೇಜಲ್ಲಿ "ಅಮ್ಮಂಗೆ <3" ಅಂತ ಬರೆದ್ರೆ ಎಷ್ಟೋ ಸ್ಯಾನಿಟೈಸರುಗಳು < ಅನ್ನ ಎಚ್‌ಟಿಎಂಎಲ್ ಟ್ಯಾಗ್ ಅಂದ್ಕೊಂಡು ಹಾಳು ಮಾಡತ್ವೆ. ಬಂದಿದ್ದನ್ನ ಹಾಗೇ ಉಳ್ಸಿ, ಪೇಜಲ್ಲಿ ತೋರ್ಸೋವಾಗ ಎಸ್ಕೇಪ್ ಮಾಡಿ (ವಿಶೇಷ ಚಿಹ್ನೆ ಬರೀ ಅಕ್ಷರವಾಗಿ ಕಾಣೋ ಹಾಗೆ ಬದಲಾಯಿಸಿ), ಯಾಕಂದ್ರೆ ಅದೇ ಮೆಸೇಜು ಎಸ್‌ಎಮ್‌ಎಸ್ಸಿಗೆ ಹೋಗ್ಬೋದು, ಪ್ರಿಂಟಿಗೆ ಹೋಗ್ಬೋದು, ಒಂದೊಂದು ಕಡೆ ಅಪಾಯಕಾರಿ ಅಕ್ಷರ ಬೇರೆ ಬೇರೆ. ಎಕ್ಸೆಲ್ಲಿಗೆ ಸಿಎಸ್‌ವಿ ತೆಗಿಯೋರಂತೂ = ಚಿಹ್ನೆಯಿಂದ ಶುರುವಾಗೋ ಮೆಸೇಜನ್ನ ನೋಡ್ಕೊಳಿ, ಅದು ಫಾರ್ಮುಲಾ ಆಗಿ ಓಡತ್ತೆ.

ಇನ್ನು ಆರ್ಡರ್ ನಂಬರ್ 1042 ಅನ್ನೋದು ಚಂದದ ಪೂರ್ಣಾಂಕ, ಸ್ಕೀಮಾ ಪಾಸು. ಅದು ಕೇಳ್ತಿರೋರದ್ದೇ ಆರ್ಡರಾ? ಇದನ್ನ ಯಾವ ಸ್ಕೀಮಾನೂ ಹೇಳಲ್ಲ, ಡೇಟಾಬೇಸ್ ಕ್ವೆರೀಲಿ ಯೂಸರ್ ಐಡಿನೂ ಸೇರ್ಸಿ ಹುಡುಕ್ಬೇಕು. ಓವಾಸ್ಪ್ ಎಪಿಐ ಪಟ್ಟೀಲಿ 2019ರಲ್ಲೂ 2023ರಲ್ಲೂ ಮೊದಲನೇ ಸ್ಥಾನ ಇದಕ್ಕೇ.

ಯುಆರ್‌ಎಲ್ಲನ್ನೇ ಇನ್‌ಪುಟ್ಟಾಗಿ ತಗೊಂಡು ಸರ್ವರು ಅದನ್ನ ತೆಗೆದು ನೋಡೋ ಹಾಗಿದ್ರೆ, ಉದಾಹರಣೆಗೆ ಲೋಗೋ ಚಿತ್ರ ಲಿಂಕಿಂದ ತರೋದು, ಸಾಧ್ಯ ಆದ್ರೆ ಆ ಫೀಚರೇ ಬೇಡ. ಕ್ಲೌಡ್ ಯಂತ್ರದ ಒಳಗಿಂದ 169.254.169.254 (ಆ ಯಂತ್ರಕ್ಕೆ ತನ್ನ ವಿವರ ಕೊಡೋ ಒಳಗಿನ ಅಡ್ರೆಸ್ಸು) ಕೇಳಿದ್ರೆ ಅದರ ಕೀಗಳೇ ಸಿಗೋ ಸಾಧ್ಯತೆ ಇರತ್ತೆ, 2019ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿ ಅಮೆರಿಕನ್ನರ ಅರ್ಜಿ ವಿವರ ಹೋಗಿದ್ದು ಈ ಜಾತಿ ದಾಳೀಲಿ. ಬೇಕೇ ಬೇಕು ಅಂದ್ರೆ ಅನುಮತಿ ಇರೋ ಡೊಮೈನ್ ಪಟ್ಟಿ ಇಡಿ, ರೀಡೈರೆಕ್ಟ್ ಆಫ್ ಮಾಡಿ.

7. ಎರರ್ ಹೇಳೋ ರೀತಿ

ತಪ್ಪಿದ್ರೆ 400 ಕೊಡಿ ಅಥವಾ 422 ಕೊಡಿ (ಎರಡೂ ಕಳ್ಸಿದ್ದು ಸರಿ ಇಲ್ಲ ಅನ್ನೋ ಎರರ್ ಕೋಡು), ಇದ್ರ ಮೇಲೆ ಟೀಮಲ್ಲಿ ಒಂದು ಗಂಟೆ ಜಗಳ ಆಡೋದು ವ್ಯರ್ಥ, ಎಲ್ಲಾ ಕಡೆ ಒಂದೇ ಇರ್ಲಿ ಸಾಕು. ತಪ್ಪುಗಳನ್ನೆಲ್ಲಾ ಒಂದೇ ಸಲ ಹೇಳಿ, ಫೋನ್ ಸರಿ ಮಾಡಿದ್ಮೇಲೆ ಪಿನ್‌ಕೋಡ್ ತಪ್ಪು ಅನ್ನೋದು ಜನಕ್ಕೆ ಸಿಟ್ಟು ತರ್ಸತ್ತೆ. ಸರ್ವರಿಂದ "ಪಿನ್_ತಪ್ಪು" ತರ ಒಂದು ಕೋಡ್ ಕಳ್ಸಿ, ಕನ್ನಡದಲ್ಲಿ ಏನ್ ತೋರ್ಸ್ಬೇಕು ಅನ್ನೋದನ್ನ ಆಪ್ ನೋಡ್ಕೊಳ್ಲಿ. ಸ್ಟ್ಯಾಕ್ ಟ್ರೇಸು (ಕೋಡಲ್ಲಿ ಎಲ್ಲೆಲ್ಲಿ ಹೋಗಿ ಎರರ್ ಬಂತು ಅನ್ನೋ ವಿವರ), ಟೇಬಲ್ ಹೆಸರು ಹೊರಗೆ ಹೋಗ್ಬಾರ್ದು. ಪೈಥಾನಿನ ಫಾಸ್ಟ್‌ಎಪಿಐ ಫ್ರೇಮ್‌ವರ್ಕ್ ಬಳಸೋರು ಒಂದು ನೋಡಿ, ಪೈಡ್ಯಾಂಟಿಕ್ 2 ಬಂದ್ಮೇಲೆ ಎರರ್ ಉತ್ತರದಲ್ಲಿ ಕಳ್ಸಿದ ವ್ಯಾಲ್ಯೂನೂ ಹಾಗೇ ವಾಪಸ್ ಬರತ್ತೆ, ಪಾಸ್‌ವರ್ಡ್ ಉದ್ದ ಸಾಲದು ಅನ್ನೋ ಎರರಲ್ಲಿ ಪಾಸ್‌ವರ್ಡೂ ಇರತ್ತೆ, ಆ ಎರರನ್ನ ಲಾಗ್ ಮಾಡ್ತಿದ್ರೆ ಲಾಗಲ್ಲೂ. ಹ್ಯಾಂಡ್ಲರ್ ಬರೆದು ಆ ಭಾಗ ತೆಗೀರಿ.

8. ಓಡ್ತಿರೋ ಎಪಿಐಗೆ ಹಾಕೋದು ಹೆಂಗೆ

ಹೊಸ ಎಪಿಐ ಆದ್ರೆ ಸುಲಭ. ಮೂರು ವರ್ಷದಿಂದ ಓಡ್ತಿರೋದಕ್ಕೆ ಸೋಮವಾರ ಬೆಳಗ್ಗೆ ಸ್ಟ್ರಿಕ್ಟ್ ಸ್ಕೀಮಾ ಹಾಕಿದ್ರೆ, ಅಪ್‌ಡೇಟ್ ಮಾಡದ ಹಳೇ ಆಂಡ್ರಾಯ್ಡ್ ಆಪುಗಳಿಂದ ಬರೋ ಆರ್ಡರೆಲ್ಲಾ ಹನ್ನೊಂದು ಗಂಟೆಗೆ ನಿಂತಿರತ್ತೆ. ಮೊದಲು ಸ್ಕೀಮಾ ಓಡ್ಸಿ, ಫೇಲಾದ್ರೂ ತಡೀಬೇಡಿ, ಯಾವ ಫೀಲ್ಡು, ಯಾವ ನಿಯಮ, ಆಪಿನ ಯಾವ ವರ್ಷನ್ನು ಅಂತ ಮಾತ್ರ ಬರ್ಕೊಳಿ, ಬಂದ ವ್ಯಾಲ್ಯೂ ಬರ್ಕೊಬೇಡಿ. ಹದಿನೈದು ದಿನ ನೋಡಿದ್ರೆ ಗೊತ್ತಾಗತ್ತೆ, ಐಫೋನ್ ಆಪು ಪಿನ್‌ಕೋಡನ್ನ ನಂಬರಾಗಿ ಕಳ್ಸತ್ತೆ, ಆಂಡ್ರಾಯ್ಡು ಸ್ಟ್ರಿಂಗಾಗಿ, ಯಾವ್ದೋ ಹಳೇ ವರ್ಷನ್ನು ಖಾಲಿ ಜಿಎಸ್‌ಟಿ ಜಾಗಕ್ಕೆ "ನಲ್" ಅಂತ ನಾಲ್ಕಕ್ಷರದ ಸ್ಟ್ರಿಂಗ್ ಕಳ್ಸತ್ತೆ, ಇಂಥವೆಲ್ಲಾ. ಅವನ್ನ ಸರಿ ಮಾಡಿ, ಎಣಿಕೆ, ಬೆಲೆ, "ಪೇಯ್ಡ್" ತರದ ದುಡ್ಡಿನ ಫೀಲ್ಡುಗಳನ್ನ ಮಾತ್ರ ಅಷ್ಟು ದಿನ ಕಾಯದೆ ಮೊದಲನೇ ದಿನದಿಂದ್ಲೇ ತಡೀರಿ, ಉಳಿದಿದ್ದನ್ನ ಒಂದೊಂದಾಗಿ ಬಿಗಿ ಮಾಡಿ.

ಟೆಸ್ಟಿಗೆ ಓಪನ್‌ಎಪಿಐ ಫೈಲಿದ್ರೆ (ಎಪಿಐ ವಿವರ ಬರೆದಿಡೋ ಫೈಲು) ಸ್ಕೀಮಾಥೆಸಿಸ್ ಅನ್ನೋ ಟೂಲ್ ಓಡ್ಸಿ, ಅದೇ ಚಿತ್ರವಿಚಿತ್ರ ಇನ್‌ಪುಟ್ ಹುಟ್ಟುಹಾಕಿ ಕಳ್ಸಿ 500 (ಸರ್ವರ್ ಒಳಗೇ ಎಡವಿತು ಅನ್ನೋ ಎರರ್) ಎಲ್ಲಿ ಬರತ್ತೆ ಅಂತ ಹುಡುಕತ್ತೆ. ಜೊತೆಗೆ ಕೈಯಲ್ಲೂ ಒಂದು ಸೆಟ್ ಇಟ್ಕೊಳಿ: ಖಾಲಿ ಸ್ಟ್ರಿಂಗು, ನಲ್ಲು, ಸೊನ್ನೆ, ಮೈನಸ್ ಒಂದು, 1.5, ಸ್ಟ್ರಿಂಗ್ ಜಾಗಕ್ಕೆ ಅರ್ರೇ, ಲಕ್ಷ ಸ್ಪೇಸು, ಎಮೋಜಿ, "೧೦", ನಾನ್ ಜಾಯ್ನರ್ ಇರೋ ಹೆಸರು, ಡಿ'ಸೋಜಾ, ಚಿಕೋರಿ 50. ರಿಜೆಕ್ಟ್ ಆಗ್ಬೇಕಾಗಿದ್ದು ಆಯ್ತಾ ಅಂತ ನೋಡಿದಷ್ಟೇ ಗಮನ ಕೊಟ್ಟು ಒಳಗೆ ಬರ್ಬೇಕಾಗಿದ್ದು ಬಂತಾ ಅಂತ್ಲೂ ನೋಡಿ. ಯಾವ್ದಕ್ಕಾದ್ರೂ 500 ಬಂದ್ರೆ ಅದು ನಿಮ್ಮ ಚೆಕ್ ದಾಟಿ ಒಳಗೆ ಹೋಗಿ ಬಿದ್ದಿದೆ ಅಂತ ಅರ್ಥ, ಆ ಇನ್‌ಪುಟ್ಟನ್ನ ಹಾಗೇ ಟೆಸ್ಟ್ ಕೇಸ್ ಮಾಡಿ ಪೈಪ್‌ಲೈನಿಗೆ ಸೇರ್ಸಿ.